ದೇವಸ್ಥಾನ ಮತ್ತು ಮಠಗಳ ಜಮೀನು, ಠೇವಣಿ, ಲೆಕ್ಕಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ ಮತ್ತು 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ, ಈ ಮೂರೂ ಜಿಲ್ಲೆಗಳು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹಾಗಾಗಿ ಇಲ್ಲಿನ ಗುಡಿಗಳ ಜಮೀನಿನ ಚರಿತ್ರೆಯೂ ಅದಕ್ಕೆ ಅನ್ವಯಿಸುವ ಕಾನೂನೂ ಬಹುಮಟ್ಟಿಗೆ ಒಂದೇ. ತುಮಕೂರು ಸೀಮೆಯ ಕೆಲವು ದೇವಸ್ಥಾನಗಳ ಲೆಕ್ಕ ಬರೆಯುತ್ತ, ತಾಲ್ಲೂಕು ಕಚೇರಿಗಳಲ್ಲಿ ಹಳೆಯ ಕಡತಗಳನ್ನು ಹುಡುಕುತ್ತ ಹಲವು ವರ್ಷ ಕಳೆದಿರುವ ನನ್ನನ್ನು ಸಮಿತಿಯ ಸದಸ್ಯರು, ಅರ್ಚಕರು, ಭಕ್ತರು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ನಿರ್ದಿಷ್ಟ ವ್ಯಾಜ್ಯವಿದ್ದಲ್ಲಿ ವಕೀಲರನ್ನೂ ತೆರಿಗೆಯ ವಿಷಯದಲ್ಲಿ ಲೆಕ್ಕಪರಿಶೋಧಕರನ್ನೂ ಕಾಣುವುದು ಅಗತ್ಯ.

ದೇವಸ್ಥಾನದ ಆಸ್ತಿಯ ಮಾಲೀಕರು ಯಾರು? ಸಮಿತಿಯೇ, ಅರ್ಚಕರೇ, ಸರ್ಕಾರವೇ?

ಮೂವರೂ ಅಲ್ಲ. ಪ್ರತಿಷ್ಠಾಪನೆಯಾದ ದೇವರೇ ಮಾಲೀಕ. ನಮ್ಮ ನ್ಯಾಯಾಲಯಗಳು ದೇವರನ್ನು ಕಾನೂನಿನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯೆಂದು, ಅದೂ ಎಂದಿಗೂ ವಯಸ್ಸಿಗೆ ಬಾರದ ಅಪ್ರಾಪ್ತ ವ್ಯಕ್ತಿಯೆಂದು ಪರಿಗಣಿಸುತ್ತ ಬಂದಿವೆ. ಅಪ್ರಾಪ್ತ ಮಗುವಿನ ಆಸ್ತಿಯನ್ನು ಪೋಷಕರು ನೋಡಿಕೊಳ್ಳಬಹುದೇ ಹೊರತು ತಮ್ಮದೆಂದು ಹೇಳಿಕೊಳ್ಳುವಂತಿಲ್ಲ. ಸಮಿತಿಯ, ಧರ್ಮದರ್ಶಿಗಳ, ಅರ್ಚಕರ ಸ್ಥಾನ ಅಷ್ಟೇ. ಅರ್ಚಕರು ಜಮೀನಿನ ಮಾಲೀಕರಲ್ಲ, ಮಾಲೀಕತ್ವದ ಕಾಲಂನಲ್ಲಿ ದೇವರ ಹೆಸರೇ ಇರಬೇಕು ಎಂಬುದನ್ನು ಸುಪ್ರೀಂ ಕೋರ್ಟು 2021ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿತು. ವ್ಯವಸ್ಥಾಪಕನೆಂದು ಜಿಲ್ಲಾಧಿಕಾರಿಯ ಹೆಸರನ್ನು ನಮೂದಿಸುವ ಅಗತ್ಯವೂ ಇಲ್ಲವೆಂಬುದು ಅದೇ ತೀರ್ಪಿನ ಮಾತು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಜರಾಯಿ, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯ ಅವಧಿ ಮೂರು ವರ್ಷ, ದೇವರ ಆಸ್ತಿಗೆ ಅವಧಿಯೇ ಇಲ್ಲ. ಮೂರು ವರ್ಷದವರು ಮುನ್ನೂರು ವರ್ಷದ ಆಸ್ತಿಯನ್ನು ನೋಡಿಕೊಳ್ಳುವಾಗ ಹುಟ್ಟುವ ತೊಡಕುಗಳೇ ಮುಂದಿನ ಬಹುಪಾಲು ಪ್ರಶ್ನೆಗಳ ಮೂಲ.

ನಮ್ಮ ದೇವರಿಗೆ ಹಿಂದೆ ಹತ್ತಾರು ಎಕರೆ ಮಾನ್ಯದ ಜಮೀನು ಇತ್ತಂತೆ. ಅದೆಲ್ಲ ಎಲ್ಲಿ ಹೋಯಿತು?

ಈ ಪ್ರಶ್ನೆಯನ್ನು ಕೇಳದ ಊರಿಲ್ಲ. ಕೇಳುವವರ ದನಿಯಲ್ಲಿ ಯಾರೋ ಕದ್ದರೆಂಬ ಅನುಮಾನ ಇರುತ್ತದೆ. ಕಳವಾದದ್ದೂ ಉಂಟು, ಆದರೆ ಬಹುಪಾಲು ಜಮೀನು ಕಾನೂನಿನ ಮೂಲಕವೇ ಹೋಗಿದೆ, ಮತ್ತು ಅದರಲ್ಲಿ ದೊಡ್ಡ ಪಾಲು ಅದನ್ನು ತಲೆಮಾರುಗಳಿಂದ ಉಳುತ್ತಿದ್ದವರ ಕೈಗೇ ಸೇರಿದೆ.

ಅರಸರೂ ಪಾಳೆಯಗಾರರೂ ಊರ ಗೌಡರೂ ದೇವರಿಗೆ ಬಿಟ್ಟ ಜಮೀನನ್ನು ದೇವಾದಾಯ ಇನಾಂ ಎನ್ನುತ್ತಿದ್ದರು. ಕಂದಾಯ ಪೂರ್ತಿ ಮಾಫಿಯಾದದ್ದು ಒಂದು ಬಗೆ, ‘ಜೋಡಿ’ ಎಂಬ ಅಲ್ಪ ಕಂದಾಯ ಕಟ್ಟುವಂಥದ್ದು ಇನ್ನೊಂದು ಬಗೆ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆಯು ಈ ಇನಾಂಗಳನ್ನು ಸರ್ಕಾರಕ್ಕೆ ಸೇರಿಸಿ, ಉಳುವವರಿಗೆ ನೋಂದಣಿಯ ಅವಕಾಶ ಕೊಟ್ಟು, ದೇವಸ್ಥಾನಕ್ಕೆ ವರ್ಷಕ್ಕೊಮ್ಮೆ ಹಣ ಸಲ್ಲುವ ವ್ಯವಸ್ಥೆ ಮಾಡಿತು. ಸ್ವಂತವಾಗಿ ಸಾಗುವಳಿ ಮಾಡುತ್ತಿದ್ದ ಅರ್ಚಕರೂ ಕೆಲವೆಡೆ ಅಧಿಭೋಗದ, ಅಂದರೆ ಜಮೀನನ್ನು ತಮ್ಮ ಹೆಸರಿನಲ್ಲಿ ಅನುಭವಿಸುವ, ಹಕ್ಕು ಪಡೆದರು. ಆಮೇಲೆ ಬಂದದ್ದು ಭೂಸುಧಾರಣೆಯ 1974ರ ತಿದ್ದುಪಡಿ. ಆ ವರ್ಷದ ಮಾರ್ಚ್ 1ರಂದು ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂನ್ಯಾಯಮಂಡಳಿಗಳು ಹಕ್ಕು ಕೊಟ್ಟವು. ಅರ್ಜಿಯ ಕಡೆಯ ದಿನ 1979ರ ಜೂನ್ 30ರವರೆಗೆ ಮುಂದುವರಿದಿತ್ತು.

ಇದು ಅನ್ಯಾಯವಾಯಿತೇ ಎಂದು ನನ್ನನ್ನು ಕೇಳಿದರೆ, ಬೆವರು ಸುರಿಸಿದವನಿಗೆ ನೆಲ ಸಿಕ್ಕಿದ್ದನ್ನು ಅನ್ಯಾಯವೆನ್ನಲು ನನಗೆ ಮನಸ್ಸು ಬಾರದು. ನನಗೆ ನೋವು ಕೊಡುವುದು ಬೇರೆಯದು: ಗೇಣಿದಾರರೇ ಇಲ್ಲದಿದ್ದ, ದೇವಸ್ಥಾನದ ಸ್ವಂತ ಸುಪರ್ದಿನಲ್ಲಿ ಉಳಿದು ದೇವರ ಹೆಸರಿಗೇ ನೋಂದಣಿಯಾಗಬಹುದಾಗಿದ್ದ ಕಲ್ಯಾಣಿ, ತೋಪು, ಜಾತ್ರೆ ಬಯಲು ಮುಂತಾದವು ಯಾರೂ ಅರ್ಜಿ ಹಾಕದ ಕಾರಣಕ್ಕೆ, ಪಹಣಿ ತಿದ್ದಿಸದ ಕಾರಣಕ್ಕೆ ಕೈಬಿಟ್ಟು ಹೋದದ್ದು.

ತಸ್ತೀಕ್ ಎಂದರೇನು? ವರ್ಷಾಶನಕ್ಕೂ ಅದಕ್ಕೂ ಏನು ವ್ಯತ್ಯಾಸ?

ಇನಾಂ ರದ್ದಾದಾಗ ಕಳೆದುಕೊಂಡ ಜಮೀನಿಗೆ ಪ್ರತಿಯಾಗಿ ಸರ್ಕಾರ ದೇವಸ್ಥಾನಕ್ಕೆ ಪ್ರತಿವರ್ಷ ಕೊಡುವ ಮೊತ್ತಕ್ಕೆ ತಸ್ತೀಕ್ ಎಂಬ ಹೆಸರು. ಭೂಸುಧಾರಣೆಯಲ್ಲಿ ಜಮೀನು ಹೋದದ್ದಕ್ಕೆ ಕೊಡುವುದು ವರ್ಷಾಶನ. ಕಡಿಮೆ ಆದಾಯದ ‘ಸಿ’ ಪ್ರವರ್ಗದ ದೇವಸ್ಥಾನಗಳಿಗೆ ಸಲ್ಲುವ ತಸ್ತೀಕ್ ಮೊತ್ತವನ್ನು ಸರ್ಕಾರ ಆಗಾಗ ಏರಿಸಿದೆ: ವರ್ಷಕ್ಕೆ 48,000 ರೂಪಾಯಿ ಇದ್ದದ್ದು 60,000 ಆಯಿತು, 2025–26ರ ಬಜೆಟ್ಟಿನಲ್ಲಿ 72,000ಕ್ಕೆ ಏರಿಕೆ ಘೋಷಣೆಯಾಯಿತು. ತಿಂಗಳಿಗೆ 6,000 ರೂಪಾಯಿಯಲ್ಲಿ ನಿತ್ಯ ದೀಪ, ಎಣ್ಣೆ, ನೈವೇದ್ಯ, ಅರ್ಚಕರ ಸಂಸಾರ ಎಲ್ಲವೂ ಸಾಗಬೇಕು. ಅನೇಕ ಹಳ್ಳಿಗಳಲ್ಲಿ ಬಾಗಿಲು ತೆರೆದಿರುವುದೇ ಈ ಹಣದಿಂದ ಎಂಬುದನ್ನು ನೆನೆದರೆ, ಇದನ್ನು ದಾನವೆಂದಾಗಲಿ ಔದಾರ್ಯವೆಂದಾಗಲಿ ಕರೆಯುವುದು ತಪ್ಪು. ಇದು ಒಂದು ಆಸ್ತಿಗೆ ಬದಲಾಗಿ ಬಂದ ಬಾಕಿ.

ಪಹಣಿಯಲ್ಲಿ ದೇವರ ಹೆಸರಿನ ಬದಲು ಅರ್ಚಕರ ಅಥವಾ ಅವರ ತಂದೆಯ ಹೆಸರಿದೆ. ಏನು ಮಾಡಬೇಕು?

ಮೊದಲು ಅರ್ಚಕರ ಮೇಲೆ ಸಿಟ್ಟಾಗಬೇಡಿ. ಕೈಬರಹದ ಪಹಣಿಗಳ ಕಾಲದಲ್ಲಿ ‘ಅರ್ಚಕ ಇಂಥವರು’ ಎಂದು ಬರೆಯುತ್ತಿದ್ದರು; ವರ್ಷದಿಂದ ವರ್ಷಕ್ಕೆ ನಕಲಾಗುವಾಗ ‘ಅರ್ಚಕ’ ಎಂಬ ಪದ ಉದುರಿ ಹೆಸರಷ್ಟೇ ಉಳಿಯುತ್ತಿತ್ತು, ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಏರುವಾಗ ಅದೇ ಹೆಸರು ಏರಿತು. ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಆಂಜನೇಯ ಸ್ವಾಮಿಯ ಎರಡು ಎಕರೆ ಚಿಲ್ಲರೆ ಜಮೀನಿನ ಪಹಣಿಯನ್ನು ನಾನು ಹಿಂದಕ್ಕೆ ಹುಡುಕುತ್ತ ಹೋದಾಗ, ದೇವರ ಹೆಸರು ಮಾಯವಾದದ್ದು ಒಂದೇ ಒಂದು ವರ್ಷದ ಹಾಳೆಯಲ್ಲಿ, ಯಾವ ಆದೇಶದ ಸಂಖ್ಯೆಯೂ ಇಲ್ಲದೆ ಎಂಬುದು ಕಂಡಿತು. ಆ ಅರ್ಚಕರ ಮಗನೇ ಮುಂದೆ ನಿಂತು ತಿದ್ದುಪಡಿಗೆ ಒಪ್ಪಿಗೆ ಬರೆದುಕೊಟ್ಟರು.

ಪಹಣಿಯ 9ನೇ ಕಾಲಂ ಸ್ವಾಧೀನದಾರರದ್ದು, 11ನೆಯದು ಇತರೆ ಹಕ್ಕು ಮತ್ತು ಋಣಗಳದ್ದು, 12ನೆಯದು ಸಾಗುವಳಿದಾರರದ್ದು, ಮೂರನ್ನೂ ನೋಡಬೇಕು. ದೇವರ ಹೆಸರು 9ರಲ್ಲಿದ್ದು 12ರಲ್ಲಿ ಬೇರೆಯವರ ಹೆಸರು ವರ್ಷಗಟ್ಟಲೆ ಇದ್ದರೆ ಅದೂ ಎಚ್ಚರಿಕೆಯ ಗಂಟೆಯೇ. ಇನಾಂ ರಿಜಿಸ್ಟರು, ಹಳೆಯ ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ವಹಿಗಳು, ಸರ್ವೆ ನಂಬರುವಾರು ವಿವರವಿರುವ ಖೇತುವಾರು ಪತ್ರಿಕೆ, ಮುಜರಾಯಿ ರಿಜಿಸ್ಟರು, ಭೂನ್ಯಾಯಮಂಡಳಿಯ ಆದೇಶ, ಇವುಗಳ ದೃಢೀಕೃತ ನಕಲು ಪಡೆದು ತಹಶೀಲ್ದಾರರಿಗೆ ಅರ್ಜಿ ಕೊಡಿ. ನ್ಯಾಯಮಂಡಳಿಯೇ ಅರ್ಚಕರಿಗೋ ಗೇಣಿದಾರರಿಗೋ ಹಕ್ಕು ಕೊಟ್ಟಿದ್ದರೆ ಅದು ಬರೆವಣಿಗೆಯ ತಪ್ಪಲ್ಲ. ಆಗ ದಾರಿ ನ್ಯಾಯಾಲಯದ್ದು, ಮತ್ತು ಅಂಥ ವ್ಯಾಜ್ಯಕ್ಕೆ ಇಳಿಯುವ ಮೊದಲು ಆದೇಶವನ್ನು ಪೂರ್ತಿ ಓದಬೇಕು.

ಒತ್ತುವರಿಯಾಗಿ ಹನ್ನೆರಡು ವರ್ಷ ದಾಟಿದರೆ ಜಮೀನು ಕೈತಪ್ಪಿದಂತೆಯೇ?

ಹಾಗೆಂದು ಒತ್ತುವರಿದಾರರೇ ಹಬ್ಬಿಸುವುದುಂಟು. ಸ್ವಾಧೀನದ ದಾವೆಗೆ 12 ವರ್ಷದ ಕಾಲಮಿತಿ ಇರುವುದು ನಿಜ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಹಿಂದಿನ ಧರ್ಮದರ್ಶಿಯೋ ವ್ಯವಸ್ಥಾಪಕರೋ ದುಡ್ಡು ಪಡೆದು ಆಸ್ತಿಯನ್ನು ಪರಭಾರೆ ಮಾಡಿದ್ದರೆ, 1963ರ ಕಾಲಮಿತಿ ಕಾಯ್ದೆಯ 96ನೇ ಅನುಚ್ಛೇದದ ಪ್ರಕಾರ ಆ 12 ವರ್ಷ ಲೆಕ್ಕಕ್ಕೆ ಬರುವುದು ಪರಭಾರೆಯ ದಿನದಿಂದಲ್ಲ. ಮಾರಿದವರ ಮರಣ, ರಾಜೀನಾಮೆ ಅಥವಾ ವಜಾ ಆದ ದಿನ, ಇಲ್ಲವೇ ದಾವೆ ಹೂಡುವ ಹೊಸ ವ್ಯವಸ್ಥಾಪಕರ ನೇಮಕದ ದಿನ, ಇವುಗಳಲ್ಲಿ ಯಾವುದು ತಡವೋ ಅಂದಿನಿಂದ. ಸ್ವತಃ ಧರ್ಮದರ್ಶಿಯ ಕೈಯಲ್ಲೇ ಆಸ್ತಿ ಉಳಿದಿದ್ದರೆ, ಅದೇ ಕಾಯ್ದೆಯ 10ನೇ ಕಲಮಿನಂತೆ ಅವರ ವಿರುದ್ಧ ಕಾಲಮಿತಿಯೇ ಓಡದು. ಇದರ ಜೊತೆಗೆ 2011ರ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆಯ ವ್ಯಾಪ್ತಿಯಲ್ಲಿ ಸರ್ಕಾರಿ ಮತ್ತು ವಕ್ಫ್ ಜಮೀನಿನಂತೆಯೇ ಹಿಂದೂ ಧಾರ್ಮಿಕ ಸಂಸ್ಥೆಗಳ ಜಮೀನೂ ಸೇರಿದೆ, ಅದಕ್ಕೆ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದೆ.

ಇವೆಲ್ಲಕ್ಕೂ ಮೊದಲಿನ ಹೆಜ್ಜೆ ಅಳತೆ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ, ಮೂಲೆಗಳಿಗೆ ಕಲ್ಲು ನೆಡಿಸಿ, ನಕ್ಷೆಯನ್ನು ಗುಡಿಯ ಗೋಡೆಗೇ ತೂಗುಹಾಕಿ. ಊರಿನ ಎಲ್ಲ ಕಣ್ಣುಗಳೂ ಕಾವಲಿಗೆ ನಿಲ್ಲುತ್ತವೆ.

ದೇವರ ಜಮೀನನ್ನು ಮಾರಬಹುದೇ? ದೀರ್ಘಾವಧಿಗೆ ಗುತ್ತಿಗೆ ಕೊಡಬಹುದೇ?

ಅಧಿಸೂಚಿತ ಮುಜರಾಯಿ ಸಂಸ್ಥೆಯಾದರೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಮಾರಾಟ, ಅದಲುಬದಲು, ಅಡಮಾನ, ದೀರ್ಘಾವಧಿಯ ಗುತ್ತಿಗೆ ಯಾವುದೂ ಸಲ್ಲದು. ಖಾಸಗಿ ಟ್ರಸ್ಟಿನ ಗುಡಿಯಾದರೂ ಟ್ರಸ್ಟ್ ಪತ್ರದ ಷರತ್ತೂ ದೇವರಿಗೆ ಅನಿವಾರ್ಯ ಅಗತ್ಯವಿತ್ತೇ ಎಂಬ ಪ್ರಶ್ನೆಯೂ ಎದುರಾಗುತ್ತವೆ.

ಅನುಮತಿ ಸಿಗುವುದೇ ಆದರೂ ಮಾರಬಾರದೆಂಬುದೇ ನನ್ನ ಅಭಿಪ್ರಾಯ. ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರದ ಸುತ್ತ ಕೈಗಾರಿಕೆ ಬಂದ ಮೇಲೆ, ವಿಮಾನ ನಿಲ್ದಾಣದ ಕಾರಣಕ್ಕೆ ಚಿಕ್ಕಬಳ್ಳಾಪುರದ ದಾರಿಯುದ್ದಕ್ಕೂ ಬೆಲೆ ಏರಿದ ಮೇಲೆ, ಒಂದೊಂದು ಸಮಿತಿಗೂ ‘ಈ ಬರಡು ನೆಲ ಮಾರಿ ರಾಜಗೋಪುರ ಕಟ್ಟಿಸೋಣ’ ಎಂಬ ಆಸೆ ಹುಟ್ಟಿದೆ. ಗೋಪುರ ಕಟ್ಟಿಸಲು ಭಕ್ತರು ಇಂದಲ್ಲದಿದ್ದರೆ ನಾಳೆ ಹಣ ಕೊಡುತ್ತಾರೆ. ಮಾರಿದ ನೆಲವನ್ನು ಯಾರೂ ಹಿಂದಕ್ಕೆ ಕೊಡಿಸಲಾರರು. ತೋಟದ ಫಸಲನ್ನು ಹರಾಜು ಹಾಕಿ: ತುಮಕೂರು ಸೀಮೆಯ ಗುಡಿಗಳಿಗೆ ತೆಂಗೂ ಹುಣಸೆಯೂ ಹಳೆಯ ಆಧಾರ, ಶ್ರೀನಿವಾಸಪುರದ ಕಡೆ ಮಾವಿದೆ. ಮರದ ಹಕ್ಕಲ್ಲ, ಆ ವರ್ಷದ ಫಸಲು ಮಾತ್ರ ಎಂದು ಹರಾಜಿನ ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಮಳಿಗೆಗಳ ಬಾಡಿಗೆ ವರ್ಷಗಳಿಂದ ಏರಿಲ್ಲ. ಏರಿಸಿದರೆ ಊರವರ ಮುನಿಸು ಕಟ್ಟಿಕೊಳ್ಳಬೇಕು. ಏನು ಮಾಡೋಣ?

ಇದು ಧೈರ್ಯದ ಪ್ರಶ್ನೆ. ಉದಾಹರಣೆಗೆ, ಪೇಟೆಯಲ್ಲಿ 6,000 ರೂಪಾಯಿ ಬಾಡಿಗೆ ಬರುವ ಜಾಗದಲ್ಲಿ ದೇವಸ್ಥಾನದ ಮಳಿಗೆ 600 ರೂಪಾಯಿಗೆ ಇದ್ದರೆ ದೇವರು ಪ್ರತಿವರ್ಷ 64,800 ರೂಪಾಯಿಯನ್ನು ಆ ಬಾಡಿಗೆದಾರರಿಗೆ ಕೊಟ್ಟಂತಾಯಿತು. ಅದರಲ್ಲೂ ಮೂಲ ಬಾಡಿಗೆದಾರರು ಒಳಬಾಡಿಗೆಗೆ ಬಿಟ್ಟು ಪೇಟೆಯ ದರವನ್ನೇ ಪಡೆಯುತ್ತಿದ್ದರೆ, ದೇವರ ಪಾಲು ಮಧ್ಯದಲ್ಲೇ ನಿಂತುಹೋಗುತ್ತದೆ. ಬಹಿರಂಗ ಹರಾಜು, ಲಿಖಿತ ಕರಾರು, ಮುಂಗಡ ಠೇವಣಿ, ವರ್ಷಕ್ಕೆ ಇಷ್ಟು ಏರಿಕೆ ಎಂಬ ಷರತ್ತು, ಒಳಬಾಡಿಗೆಗೆ ನಿಷೇಧ, ಇವಿಷ್ಟು ಇದ್ದರೆ ಮುನಿಸು ಯಾರ ಒಬ್ಬರ ಮೇಲೂ ನಿಲ್ಲುವುದಿಲ್ಲ. ಸಮಿತಿಯ ಸದಸ್ಯರೂ ಅವರ ಹತ್ತಿರದ ಬಂಧುಗಳೂ ಹರಾಜಿನಿಂದ ದೂರವಿರಲಿ. ಸಂಬಂಧಪಟ್ಟವರಿಗೆ ಲಾಭ ಮಾಡಿಕೊಟ್ಟರೆ ಸಂಸ್ಥೆ ಆದಾಯ ತೆರಿಗೆಯ ವಿನಾಯಿತಿಯನ್ನೂ ಕಳೆದುಕೊಳ್ಳಬಹುದು.

ಜಿಎಸ್‌ಟಿ ಬಗ್ಗೆಯೂ ಕೇಳುತ್ತಾರೆ. ಆದಾಯ ತೆರಿಗೆಯಲ್ಲಿ ನೋಂದಣಿಯಾದ ಸಂಸ್ಥೆಯ ಸಾರ್ವಜನಿಕ ಧಾರ್ಮಿಕ ಸ್ಥಳದ ಆವರಣದಲ್ಲಿನ ಬಾಡಿಗೆಗೆ ವಿನಾಯಿತಿ ಇದೆ, ಮಿತಿಯೂ ಇದೆ: ಕೊಠಡಿಗೆ ದಿನಕ್ಕೆ 1,000 ರೂಪಾಯಿ, ಕಲ್ಯಾಣ ಮಂಟಪ ಮುಂತಾದವಕ್ಕೆ ದಿನಕ್ಕೆ 10,000, ಅಂಗಡಿಗೆ ತಿಂಗಳಿಗೆ 10,000. ಈ ಮೊತ್ತ ಮುಟ್ಟಿದರೆ ವಿನಾಯಿತಿ ಇಲ್ಲ.

ರಸ್ತೆಗೋ ಕೈಗಾರಿಕೆಗೋ ದೇವರ ಜಮೀನು ಭೂಸ್ವಾಧೀನವಾಗಿ ಪರಿಹಾರ ಬಂದಿದೆ. ಆ ಹಣವನ್ನು ಜೀರ್ಣೋದ್ಧಾರಕ್ಕೆ ಬಳಸಬಹುದೇ?

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಮಾಲೂರು, ಬಂಗಾರಪೇಟೆ ಭಾಗದಲ್ಲಿ ಹಾದ ಮೇಲೆ ಕೋಲಾರ ಸೀಮೆಯಲ್ಲಿ ಈ ಪ್ರಶ್ನೆ ಹೆಚ್ಚಾಗಿದೆ. ಪರಿಹಾರವೆಂದರೆ ಆದಾಯವಲ್ಲ, ರೂಪ ಬದಲಿಸಿದ ಜಮೀನು. ಅದನ್ನು ಮೂಲಧನವೆಂದು ಬೇರೆ ಖಾತೆಯಲ್ಲಿಟ್ಟು, ಅದರ ಬಡ್ಡಿಯನ್ನು ಮಾತ್ರ ಖರ್ಚಿಗೆ ತೆಗೆಯುವುದು ಅಥವಾ ಅನುಮತಿ ಪಡೆದು ಬೇರೆ ಸ್ಥಿರಾಸ್ತಿ ಕೊಳ್ಳುವುದು ಸರಿಯಾದ ಕ್ರಮ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಮಾತು ದೇವರ ಮನೆಗೂ ಅನ್ವಯಿಸುತ್ತದೆ. ಪರಿಹಾರ ಪಡೆಯುವಾಗಲೇ ಪಹಣಿ ಯಾರ ಹೆಸರಿನಲ್ಲಿದೆ ಎಂಬ ಹಳೆಯ ಸಮಸ್ಯೆ ಎದುರಾಗಿ ಹಣ ನ್ಯಾಯಾಲಯದಲ್ಲಿ ಕೂರುವುದನ್ನೂ ಕಂಡಿದ್ದೇನೆ. ಅಧಿಸೂಚನೆ ಬರುವವರೆಗೆ ಕಾಯದೆ ದಾಖಲೆ ಸರಿಮಾಡಿಕೊಳ್ಳಲು ಇದೂ ಒಂದು ಕಾರಣ.

ಶಾಶ್ವತ ಪೂಜೆಗೆಂದು ಹಿಂದೆ ಕಟ್ಟಿದ ಹಣದಲ್ಲಿ ಇಂದು ಪೂಜೆ ಸಾಗುತ್ತಿಲ್ಲ. ಯಾರ ತಪ್ಪು?

ಇದು ನನಗೆ ಅತ್ಯಂತ ಹತ್ತಿರವಾದ ಪ್ರಶ್ನೆ. ನಮ್ಮ ತಂದೆಯವರೂ ಅಜ್ಜಿಯ ಹೆಸರಿನಲ್ಲಿ ಇಂಥ ಒಂದು ಪೂಜೆ ಬರೆಸಿದ್ದರು.

ಮೊದಲು ಲೆಕ್ಕ ನೋಡೋಣ. 1985ರ ಸುಮಾರಿಗೆ ಒಬ್ಬರು 1,001 ರೂಪಾಯಿ ಕಟ್ಟಿದ್ದರು, ಬ್ಯಾಂಕು ಶೇ 10ರ ಬಡ್ಡಿ ಕೊಡುತ್ತಿತ್ತು ಎಂದಿಟ್ಟುಕೊಳ್ಳಿ. ವರ್ಷಕ್ಕೆ ನೂರು ರೂಪಾಯಿ. ಆ ಕಾಲಕ್ಕೆ ಅಭಿಷೇಕ, ಹೂವು, ನೈವೇದ್ಯ ಮುಗಿದು ಅರ್ಚಕರ ದಕ್ಷಿಣೆಗೂ ಉಳಿಯುತ್ತಿತ್ತು. ಇಂದು ಶೇ 6.5ರ ದರದಲ್ಲಿ ಅದೇ ಹಣಕ್ಕೆ ಬರುವುದು 65 ರೂಪಾಯಿ. ತೆಂಗಿನ ನಾಡಾದ ತಿಪಟೂರಿನಲ್ಲಿ ನಿಂತರೂ ಅದರಲ್ಲಿ ಒಂದು ದಿನದ ಪೂಜೆ ಆಗದು. ಯಾರೂ ಕದಿಯಲಿಲ್ಲ, ಆದರೂ ನಿಧಿ ಸವೆದುಹೋಯಿತು. ಬಡ್ಡಿಯನ್ನೆಲ್ಲ ಪ್ರತಿವರ್ಷ ಖರ್ಚುಮಾಡಿ ಅಸಲನ್ನು ಹಾಗೆಯೇ ಬಿಟ್ಟದ್ದೇ ಕಾರಣ.

ಹಿಂದಿನವರಿಗೆ ಇದು ತಿಳಿದಿತ್ತು. ಚೋಳರ ಕಾಲದಲ್ಲಿ ಒಂದು ನಂದಾದೀಪ ಉರಿಯಲು 96 ಕುರಿಗಳನ್ನು ಬಿಡುವ ಪದ್ಧತಿ ಪ್ರಸಿದ್ಧ. ಆ ಕುರಿಗಳನ್ನು ತಮಿಳು ಶಾಸನಗಳು ‘ಸಾಯದ, ಮುಪ್ಪಾಗದ’ ಕುರಿಗಳೆಂದು ಕರೆಯುತ್ತವೆ. ಕುರುಬ ಮಂದೆಯನ್ನು ಪಡೆದು ನಿತ್ಯ ತುಪ್ಪ ಅಳೆದು ಕೊಡಬೇಕು, ಸತ್ತ ಕುರಿಯ ಜಾಗಕ್ಕೆ ಮರಿ ಬರುವುದರಿಂದ ಮಂದೆಯ ಸಂಖ್ಯೆ ಕುಗ್ಗುವುದಿಲ್ಲ. ತುಪ್ಪದ ಬೆಲೆ ಏರಿದರೂ ದೀಪಕ್ಕೆ ಕೊರತೆಯಿಲ್ಲ, ಏಕೆಂದರೆ ಬಿಟ್ಟದ್ದು ದುಡ್ಡಲ್ಲ, ತುಪ್ಪ ಕೊಡುವ ಮಂದೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳನ್ನು ನೋಡಿದಾಗಲೆಲ್ಲ ಆ ವ್ಯವಸ್ಥೆಯನ್ನು ಯೋಚಿಸಿದವರ ದೂರದೃಷ್ಟಿ ನೆನಪಾಗುತ್ತದೆ.

ಇಂದು ಮಾಡಬಹುದಾದದ್ದು ಮೂರು ಕೆಲಸ. ಶಾಶ್ವತ ಪೂಜೆಯ ಮೊತ್ತವನ್ನು ಇಂದಿನ ಖರ್ಚಿಗೆ ತಕ್ಕಂತೆ ನಿಗದಿಮಾಡುವುದು ಮೊದಲನೆಯದು. ಎರಡನೆಯದು, ಬಡ್ಡಿಯ ಒಂದು ಭಾಗವನ್ನು ಅಸಲಿಗೆ ಮರಳಿಸುವುದು: ಹತ್ತು ಲಕ್ಷದ ನಿಧಿಗೆ 65,000 ಬಡ್ಡಿ ಬಂದರೆ 40,000 ಪೂಜೆಗೆ, 25,000 ಅಸಲಿಗೆ. ಹಳೆಯ ದಾನಿಗಳ ಕುಟುಂಬಗಳಿಗೆ ನಿಜಸ್ಥಿತಿಯನ್ನು ತಿಳಿಸಿ, ಮೊತ್ತ ಕೂಡಿಸಲು ಕೇಳುವುದು ಅಥವಾ ಹಲವು ಹೆಸರುಗಳಿಗೆ ಸೇರಿ ಒಂದು ಪೂಜೆ ಮಾಡುವುದು ಮೂರನೆಯದು. ಹೇಳದೆ ಪೂಜೆ ನಿಲ್ಲಿಸುವುದು ಮಾತ್ರ ಕೂಡದು. ಪತ್ರ ಬರೆದಾಗ ಬೈದವರಿಗಿಂತ ಬಂದು ಕೈಮುಗಿದು ಹಣ ಕೂಡಿಸಿದವರೇ ಹೆಚ್ಚೆಂಬುದು ನನ್ನ ಅನುಭವ.

ಠೇವಣಿಯನ್ನು ಎಲ್ಲಿ ಇಡಬೇಕು?

ಬಡ್ಡಿ ಎಲ್ಲಿ ಹೆಚ್ಚೆಂದು ಕೇಳುವ ಮೊದಲು ಅಸಲು ಎಲ್ಲಿ ಭದ್ರ ಎಂದು ಕೇಳಿ. ವಿನಾಯಿತಿ ಪಡೆದ ಸಂಸ್ಥೆಗಳು ಆದಾಯ ತೆರಿಗೆ ಕಾಯ್ದೆ ಹೇಳಿದ ರೂಪಗಳಲ್ಲೇ ಹಣ ತೊಡಗಿಸಬೇಕು: ಅನುಸೂಚಿತ ಬ್ಯಾಂಕಿನ ಠೇವಣಿ, ಅಂಚೆ ಉಳಿತಾಯ, ಸರ್ಕಾರಿ ಸಾಲಪತ್ರ, ಸ್ಥಿರಾಸ್ತಿ ಮುಂತಾದವು. ಖಾಸಗಿ ಚೀಟಿ, ಪರಿಚಯದವರ ಕೈಸಾಲ, ಸದಸ್ಯರ ವ್ಯಾಪಾರ ಇವಕ್ಕೆ ಜಾಗವಿಲ್ಲ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಕೊಡುವುದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ಮಾತ್ರ; 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷವಿತ್ತು. ಒಂದೂವರೆ ಶೇಕಡ ಹೆಚ್ಚು ಬಡ್ಡಿಯ ಆಸೆಗೆ ತೇರಿನ ನಿಧಿಯನ್ನೆಲ್ಲ ಒಂದು ಸಣ್ಣ ಸಹಕಾರ ಸಂಘದಲ್ಲಿಟ್ಟಿದ್ದ ಸಮಿತಿಯೊಂದು, ಆ ಸಂಘ ಬಾಗಿಲು ಹಾಕಿದ ಮೇಲೆ ತೇರನ್ನು ನಾಲ್ಕು ವರ್ಷ ಎಳೆಯಲಾಗದೆ ಕೂತದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಖಾತೆ ದೇವಸ್ಥಾನದ ಹೆಸರಿನಲ್ಲೇ ಇರಲಿ, ಇಬ್ಬರ ಸಹಿಯಿಂದ ನಡೆಯಲಿ. ಠೇವಣಿ ರಸೀತಿಗಳ ಪಟ್ಟಿ, ಅವು ಮಾಗುವ ದಿನಾಂಕದ ಸಮೇತ, ಅಧಿಕಾರ ಬಿಡುವ ಸಮಿತಿಯಿಂದ ಬರುವ ಸಮಿತಿಗೆ ಸಹಿ ಮಾಡಿಸಿಕೊಂಡು ಹಸ್ತಾಂತರವಾಗಲಿ.

ಹರಕೆಯ ಚಿನ್ನ ಬೆಳ್ಳಿಯನ್ನು ಏನು ಮಾಡಬೇಕು?

ತೂಕ, ಶುದ್ಧತೆ, ಚಿತ್ರಸಹಿತ ಪಟ್ಟಿ ಮಾಡಿ ಲಾಕರಿನಲ್ಲಿಡಿ. ವರ್ಷಕ್ಕೊಮ್ಮೆ ಪಂಚರ ಸಮ್ಮುಖದಲ್ಲಿ ತಾಳೆ ನೋಡಿ. ಚಿನ್ನವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಪಡೆಯುವ ಕೇಂದ್ರದ ಚಿನ್ನ ನಗದೀಕರಣ ಯೋಜನೆಯ ಮಧ್ಯಮ ಮತ್ತು ದೀರ್ಘಾವಧಿ ಠೇವಣಿಗಳು 2025ರ ಮಾರ್ಚ್ 26ರಿಂದ ನಿಂತಿವೆ. ಹಳೆಯ ಆಭರಣಗಳನ್ನು ಕರಗಿಸುವ ಮಾತು ಬಂದಾಗ ನನ್ನ ಉತ್ತರ ಬೇಡವೆಂದೇ.

ಹುಂಡಿಯ ಹಣವೆಲ್ಲ ಸರ್ಕಾರಕ್ಕೆ ಹೋಗುತ್ತದೆಯಂತೆ, ನಿಜವೇ?

ನಿಜವಲ್ಲ. ಕರ್ನಾಟಕದಲ್ಲಿ ಮುಜರಾಯಿ ಇಲಾಖೆಯ ವ್ಯಾಪ್ತಿಗೆ ಸುಮಾರು 34,000 ದೇವಸ್ಥಾನಗಳಿವೆ. ವಾರ್ಷಿಕ ಆದಾಯ 25 ಲಕ್ಷ ಮೀರಿದವು ‘ಎ’, 5ರಿಂದ 25 ಲಕ್ಷದವು ‘ಬಿ’, ಅದಕ್ಕಿಂತ ಕಡಿಮೆಯವು ‘ಸಿ’. ಈ ಕೊನೆಯ ಪ್ರವರ್ಗದವೇ ಬಹುತೇಕ ಎಲ್ಲವೂ. ಹುಂಡಿ, ಸೇವೆ, ಬಾಡಿಗೆಯ ಹಣ ಆಯಾ ದೇವಸ್ಥಾನದ ಖಾತೆಯಲ್ಲೇ ಉಳಿಯುತ್ತದೆ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯಂತೆ, 5ರಿಂದ 10 ಲಕ್ಷ ಆದಾಯದ ಸಂಸ್ಥೆ ತನ್ನ ನಿವ್ವಳ ಆದಾಯದ ಶೇ 5ನ್ನು, 10 ಲಕ್ಷ ಮೀರಿದ ಸಂಸ್ಥೆ ಶೇ 10ನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಕೊಡುತ್ತದೆ. ಆ ನಿಧಿಯಿರುವುದು ಬಡ ದೇವಸ್ಥಾನಗಳ ದುರಸ್ತಿ, ಅರ್ಚಕರ ಕ್ಷೇಮ ಮುಂತಾದ ಧಾರ್ಮಿಕ ಉದ್ದೇಶಗಳಿಗೆ. ಒಂದು ಕೋಟಿ ಮೀರಿದವುಗಳಿಂದ ಶೇ 10, ಹತ್ತು ಲಕ್ಷದಿಂದ ಒಂದು ಕೋಟಿಯವರೆಗಿನವುಗಳಿಂದ ಶೇ 5 ಪಡೆಯುವ ತಿದ್ದುಪಡಿ ಮಸೂದೆಯನ್ನು 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಅಂಗೀಕರಿಸಿತು, ಆದರೆ ರಾಜ್ಯಪಾಲರ ಅಂಕಿತ ಆಗ ದೊರೆಯಲಿಲ್ಲ.

ಈ ಕಾಯ್ದೆಯೇ ವಿವಾದದಿಂದ ಮುಕ್ತವಲ್ಲ. 2003ರ ಮೇ 1ರಂದು ಜಾರಿಗೆ ಬಂದ ಅದನ್ನು 2006ರಲ್ಲಿ ಹೈಕೋರ್ಟು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ನಡೆಯುತ್ತ ಬಂದಿದೆ. ವಾದ ಏನೇ ಇರಲಿ, ದೊಡ್ಡ ಗುಡಿಯ ಸಿರಿಯಲ್ಲಿ ಒಂದು ಪಾಲು ಬಾಗಿಲು ಮುರಿದ ಗುಡಿಗೆ ಹೋಗುವುದು ನನಗೆ ಸರಿಯಾಗಿ ಕಾಣುತ್ತದೆ, ಆದರೆ ಯಾವ ಗುಡಿಗೆ ಎಷ್ಟು ಹೋಯಿತೆಂಬುದು ಭಕ್ತರಿಗೆ ಸುಲಭವಾಗಿ ಕಾಣುವಂತಿರಬೇಕು.

ದೇವಸ್ಥಾನ ಆದಾಯ ತೆರಿಗೆ ಕಟ್ಟಬೇಕೇ?

ನೋಂದಣಿ ಮಾಡಿಸಿ, ಆದಾಯದ ಶೇ 85ನ್ನು ಉದ್ದೇಶಕ್ಕೆ ಖರ್ಚುಮಾಡಿ, ಸಕಾಲಕ್ಕೆ ಲೆಕ್ಕ ಸಲ್ಲಿಸಿದರೆ ಬೇಕಿಲ್ಲ. ಈ ಶೇ 85 ಒಟ್ಟು ಆದಾಯಕ್ಕೆ ಸಂಬಂಧಿಸಿದ್ದರಿಂದ, ಮೇಲೆ ಹೇಳಿದಂತೆ ಒಂದು ನಿಧಿಯ ಬಡ್ಡಿಯನ್ನು ಅಸಲಿಗೆ ಸೇರಿಸಿದ ಮಾತ್ರಕ್ಕೆ ವಿನಾಯಿತಿಗೆ ಧಕ್ಕೆಯಾಗುವುದಿಲ್ಲ. ಉಳಿತಾಯ ಶೇ 15ನ್ನು ಮೀರುವುದಾದರೆ, ನಿರ್ದಿಷ್ಟ ಉದ್ದೇಶ ತಿಳಿಸಿ ಐದು ವರ್ಷದವರೆಗೆ ಕೂಡಿಡಲು ಅವಕಾಶವಿದೆ. ಮೂಲಧನಕ್ಕೆಂದು ಕೊಡುವ ದಾನಿ ಅದನ್ನು ಬರವಣಿಗೆಯಲ್ಲಿ ಹೇಳಿರಬೇಕು. ಹುಂಡಿಗೆ ಬೀಳುವ ಹೆಸರಿಲ್ಲದ ಕಾಣಿಕೆಗೆ ಅನಾಮಧೇಯ ದೇಣಿಗೆಯ ತೆರಿಗೆ ಕೇವಲ ಧಾರ್ಮಿಕವಾದ ಸಂಸ್ಥೆಗೆ ಅನ್ವಯಿಸದು. ಆದರೆ ಶಾಲೆಗೋ ಆಸ್ಪತ್ರೆಗೋ ಎಂದು ಹೆಸರಿಲ್ಲದೆ ಕೊಟ್ಟ ಹಣಕ್ಕೆ ಬೇರೆ ನಿಯಮವಿದೆ. ದಾನ ಕೊಟ್ಟ ಹಣಕ್ಕೆ ದಾನಿಗೆ ಸಿಗುವ ‘80ಜಿ’ ಎಂಬ ತೆರಿಗೆ ರಿಯಾಯಿತಿ ಎಲ್ಲ ಗುಡಿಗಳಿಗೂ ಇಲ್ಲ, ಮತ್ತು 2,000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ನಮೂನೆಗಳನ್ನು ನೋಡಿ ಅರ್ಜಿ ತುಂಬಬೇಡಿ.

ಮಠಗಳಿಗೂ ಇದೇ ನಿಯಮವೇ?

1997ರ ಕಾಯ್ದೆ ಮಠಗಳಿಗೂ ಅವುಗಳಿಗೆ ಸೇರಿದ ದೇವಸ್ಥಾನಗಳಿಗೂ ಅನ್ವಯಿಸುವುದಿಲ್ಲ. ಮಠಾಧಿಪತಿಗಳ ಸ್ಥಾನದಲ್ಲಿ ಪದವಿ ಮತ್ತು ಆಸ್ತಿಯ ಹಕ್ಕು ಎರಡೂ ಬೆರೆತಿವೆ ಎಂದು 1954ರ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗೆಂದು ಮಠದ ಆಸ್ತಿ ಸ್ವಾಮೀಜಿಯವರ ಸ್ವಂತದ್ದಲ್ಲ. ಗಂಭೀರ ದುರ್ವ್ಯವಹಾರ ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚಿನವರು ನ್ಯಾಯಾಲಯದ ಅನುಮತಿ ಪಡೆದು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು.

ಮಠದ ಸಂಪತ್ತನ್ನು ಎಕರೆಯಲ್ಲಿ ಮಾತ್ರ ಅಳೆಯುವವರಿಗೆ ಸಿದ್ಧಗಂಗೆಯನ್ನು ತೋರಿಸಬೇಕೆನಿಸುತ್ತದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಉಚಿತವಾಗಿ ದೊರೆಯಿತು, ಇಂದಿಗೂ ದೊರೆಯುತ್ತಿದೆ. ಆ ದಾಸೋಹಕ್ಕೆ ಸುತ್ತಲಿನ ರೈತರು ರಾಗಿ, ಅಕ್ಕಿ, ತೆಂಗಿನಕಾಯಿ ತಂದು ಒಪ್ಪಿಸುವುದನ್ನು ಕಂಡವರಿಗೆ, ಜನರ ನಂಬಿಕೆಯೂ ಒಂದು ಮೂಲಧನ, ಅದನ್ನೂ ಲೆಕ್ಕ ಕೊಟ್ಟೇ ಉಳಿಸಿಕೊಳ್ಳಬೇಕು ಎಂಬುದು ಅರ್ಥವಾಗುತ್ತದೆ.

ಸಂಸ್ಥೆ ಹೊಸದಾಗಿ ಕೃಷಿ ಜಮೀನು ಕೊಳ್ಳಬಹುದೇ?

ಭೂಸುಧಾರಣಾ ಕಾಯ್ದೆಯ 79ಬಿ ಕಲಂ ಇದಕ್ಕೆ ಅಡ್ಡಿಯಾಗಿತ್ತು. 2020ರ ತಿದ್ದುಪಡಿಯಲ್ಲಿ ಅದು ಹೋಯಿತು. ಆದರೆ ಗರಿಷ್ಠ ಮಿತಿಯ ನಿಯಮ ಉಳಿದಿದೆ. ಕೊಳ್ಳುವುದಾದರೆ ನೀರಿನ ಆಧಾರ ನೋಡಿ ಕೊಳ್ಳಿ. ನಿತ್ಯ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ ಕೊಳವೆಬಾವಿ ಬತ್ತಿದ ತೋಟ ಆದಾಯವಲ್ಲ, ಹೊರೆ.

ಭಕ್ತರು ಲೆಕ್ಕ ಕೇಳಬಹುದೇ?

ಕೇಳಬೇಕು. ಮುಜರಾಯಿ ಕಚೇರಿಗಳಲ್ಲಿರುವ ದಾಖಲೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಒಂಬತ್ತು ಸದಸ್ಯರ ಸಮಿತಿಯಲ್ಲಿ ಪ್ರಧಾನ ಅರ್ಚಕರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ, ಇಬ್ಬರು ಮಹಿಳೆಯರು, ಸ್ಥಳೀಯರೊಬ್ಬರು ಇರಬೇಕೆಂದು ಕಾಯ್ದೆ ಹೇಳುವುದು ಊರಿನ ಎಲ್ಲರ ಕಣ್ಣೂ ಲೆಕ್ಕದ ಮೇಲಿರಲಿ ಎಂದೇ. ಯುಗಾದಿಯ ಪಂಚಾಂಗ ಶ್ರವಣಕ್ಕೆ ಊರು ಸೇರಿದಾಗಲೇ ಹಿಂದಿನ ವರ್ಷದ ಜಮಾ ಖರ್ಚನ್ನೂ ಓದುವ ಒಂದು ಹಳ್ಳಿಯ ರೂಢಿ ನನಗೆ ಬಹಳ ಇಷ್ಟ.

ನಮ್ಮ ಗುಡಿಯಲ್ಲಿ ಒಂದು ಕಾಗದವೂ ಇಲ್ಲ. ಎಲ್ಲಿಂದ ಆರಂಭಿಸುವುದು?

ಗ್ರಾಮ ನಕಾಶೆಯಿಂದ. ಅದರಲ್ಲಿ ಗುಡಿ, ಕಲ್ಯಾಣಿ, ತೋಪು ಗುರುತಾಗಿರುವ ಸರ್ವೆ ನಂಬರುಗಳನ್ನು ಬರೆದುಕೊಂಡು, ಪ್ರತಿಯೊಂದರ ಆಕಾರಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ದಾಖಲೆ) ಮತ್ತು ಇಂದಿನ ಪಹಣಿ ತೆಗೆಸಿ, ನಂತರ ಹಿಂದಿನ ವರ್ಷಗಳ ಪಹಣಿಗಳಿಗೆ ಹೋಗಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಯಾವ ಹೊಲದಿಂದ ಯಾವ ಹಬ್ಬಕ್ಕೆ ಏನು ಬರುತ್ತಿತ್ತೆಂದು ಕೇಳಿ ಬರೆದುಕೊಳ್ಳಿ. ‘ದೀಪದ ಹೊಲ’, ‘ಪೂಜಾರಿ ಮಾನ್ಯ’ ಎಂಬಂಥ ಹೆಸರುಗಳು ನಂಬರಿಗಿಂತ ಬೇಗ ದಾರಿ ತೋರುತ್ತವೆ. ಗುಡಿಯ ಮುಂದೆ ಶಾಸನದ ಕಲ್ಲಿದ್ದರೆ ಅದರ ಪಾಠ ಕೋಲಾರ ಅಥವಾ ತುಮಕೂರು ಜಿಲ್ಲೆಯ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ ಸಂಪುಟದಲ್ಲಿದೆಯೇ ನೋಡಿ, ಕಲ್ಲಿಗೆ ಸುಣ್ಣ ಬಳಿಯುವುದನ್ನು ನಿಲ್ಲಿಸಿ. ಸಿಕ್ಕಿದ ಪ್ರತಿಯೊಂದು ಕಾಗದದ ಮೂರು ನಕಲು ಮಾಡಿಸಿ: ಒಂದು ಗುಡಿಯ ಪೆಟ್ಟಿಗೆಗೆ, ಒಂದು ಬ್ಯಾಂಕಿನ ಲಾಕರಿಗೆ, ಇನ್ನೊಂದು ಊರಿನಲ್ಲಿ ಯಾವ ಪಕ್ಷಕ್ಕೂ ಸೇರದವರೆಂದು ಎಲ್ಲರೂ ಒಪ್ಪುವ ಒಬ್ಬರ ಮನೆಗೆ.